ಎಂಜಿನ್ ಬಿಸಿಯೇ ಆಗ್ತಿಲ್ಲ, ಮೆಕ್ಯಾನಿಕ್ ವಾಲ್ವ್ ತೆಗೆದುಬಿಡಿ ಅಂತಾರೆ. ಥರ್ಮೋಸ್ಟಾಟ್ ಮನೆಯಲ್ಲೇ ಬದಲಿಸಬಹುದಾ?

ಗಾಳಿಬೀಡು

ಎಲ್ಲರಿಗೂ ನಮಸ್ಕಾರ. ಗಾಡಿ ಬಿಎಸ್4 ಕಾಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ಮಡಿಕೇರಿ ಪಕ್ಕ. ಮಳೆಗಾಲ ಶುರುವಾದಾಗಿನಿಂದ ಎಂಜಿನ್ ಸರಿಯಾಗಿ ಬಿಸಿಯೇ ಆಗುತ್ತಿಲ್ಲ. ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಬರುತ್ತದೆ, ಗಾಜಿನ ಮೇಲಿನ ಮಂಜು ಹೋಗುವುದಿಲ್ಲ. ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಓಡಿಸಬೇಕು. ಲೀಟರಿಗೆ 17 ಕೊಡುತ್ತಿದ್ದದ್ದು 14ಕ್ಕೆ ಬಂದು ನಿಂತಿದೆ.

ಎಂಜಿನ್ ಲೈಟ್ ಬಂದಾಗ ಒಂದು ಗ್ಯಾರೇಜಿನವರು ಟೆಂಪರೇಚರ್ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು. ಸ್ವಲ್ಪ ದಿನ ಸುಮ್ಮನಿದ್ದು ಲೈಟ್ ಮತ್ತೆ ಬಂತು. ಇನ್ನೊಬ್ಬರು ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವುದು) ಕೆಟ್ಟಿದೆ, ತೆಗೆದು ಬಿಸಾಕಿಬಿಡೋಣ, ನಮ್ಮ ಕಡೆ ಅದು ಬೇಕೇ ಇಲ್ಲ ಅಂದರು. ಆದರೆ ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಒಂಚೂರು ಕೆಳಗೆ ನೆಟ್ಟಗೆ ನಿಂತಿದೆ. ಯಾರನ್ನು ನಂಬೋದು? ಸಣ್ಣಪುಟ್ಟ ಪಾನಾ ಕೆಲಸ ನನಗೆ ಬರುತ್ತದೆ. ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ.

ಪಾನಾಪೆಟ್ಟಿಗೆ

ಮೊದಲು ಮುಳ್ಳನ್ನು ನಂಬೋದು ಬಿಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಆ ಮುಳ್ಳನ್ನು ಬೇಕಂತಲೇ ಮಂದ ಮಾಡಿರುತ್ತಾರೆ. ಕೂಲೆಂಟ್ (ಎಂಜಿನ್ ತಂಪಾಗಿಡಲು ಸುತ್ತುವ ದ್ರವ) 75 ಡಿಗ್ರಿ ಇದ್ದರೂ ಅಷ್ಟೇ, 100 ಇದ್ದರೂ ಅಷ್ಟೇ, ಅದು ಮಧ್ಯದಲ್ಲೇ ಕೂತಿರುತ್ತದೆ. ಗಿರಾಕಿ ಗಾಬರಿಯಾಗಬಾರದು ಅಂತ.

ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಂದು ಓಬಿಡಿ ಬ್ಲೂಟೂತ್ ಡಾಂಗಲ್ ತಗೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿ, ಫೋನಿನಲ್ಲಿ ಆ್ಯಪ್ ತೆರೆದರೆ ಕೂಲೆಂಟ್ ಎಷ್ಟು ಡಿಗ್ರಿ ಅಂತ ಅಂಕಿಯಲ್ಲೇ ಕಾಣುತ್ತದೆ. ದೋಷದ ಕೋಡ್ ಏನು ಬಂದಿದೆ ಅಂತಲೂ ನೋಡಿ. ಪಿ0128 ಇದ್ದರೆ, ಇಷ್ಟು ಹೊತ್ತಿಗೆ ಬಿಸಿಯಾಗಬೇಕಿದ್ದ ಎಂಜಿನ್ ಆಗಿಲ್ಲ ಅಂತ ಇಸಿಯು (ಎಂಜಿನ್ ಕಂಪ್ಯೂಟರ್) ಹೇಳುತ್ತಿದೆ. ಪಿ0117 ಅಥವಾ ಪಿ0118 ಇದ್ದರೆ ಸೆನ್ಸರ್ ಇಲ್ಲವೇ ಅದರ ವೈರಿನ ಕಡೆ ನೋಡಬೇಕು. ಇವೆರಡನ್ನು ಗೊಂದಲ ಮಾಡಿಕೊಂಡರೆ ಸುಮ್ನೆ ಸೆನ್ಸರ್ ಖರ್ಚು.

ಸೆನ್ಸರ್ ಸರಿ ಇದೆಯಾ ಅಂತ ನೋಡಲು ಪುಕ್ಕಟೆ ಉಪಾಯ ಒಂದಿದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಕೂಲೆಂಟ್ ಟೆಂಪರೇಚರ್ ಮತ್ತು ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಕಂಡರೆ ಯಾವುದೋ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ.

ಇನ್ನೊಂದು ಮಾತು. ಎಲ್ಲಕ್ಕಿಂತ ಮುಂಚೆ ಕೂಲೆಂಟ್ ಲೆವೆಲ್ ನೋಡಿ. ಕಡಿಮೆ ಇದ್ದರೂ ಹೀಟರ್ ತಣ್ಣಗೇ ಇರುತ್ತದೆ.

ಕುಡ್ಲದ ಮಳೆ

ಡಾಂಗಲ್ ಬರುವ ತನಕ ಕೈಯಲ್ಲೇ ನೋಡಬಹುದು ಮಾರಾಯ್ರೆ. ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪ್ ಮುಟ್ಟಿ ನೋಡ್ತಾ ಇರಿ. ವಾಲ್ವ್ ಒಳ್ಳೆಯದಿದ್ದರೆ ತುಂಬಾ ಹೊತ್ತು ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಸುಡಲು ಶುರುವಾಗ್ತದೆ. ತೆರೆದೇ ಉಳಿದಿದ್ದರೆ ಮೊದಲಿನಿಂದಲೂ ನಿಧಾನಕ್ಕೆ ಬೆಚ್ಚಗಾಗ್ತಾ ಹೋಗ್ತದೆ. ಮುಚ್ಚಿಯೇ ಉಳಿದಿದ್ದರೆ ಎಂಜಿನ್ ಕುದಿಯುತ್ತಿದ್ದರೂ ಪೈಪ್ ತಣ್ಣಗೆ. ಫ್ಯಾನಿನಿಂದ ಕೈ ದೂರ ಇಡಿ, ಅದು ಹೇಳದೆ ಕೇಳದೆ ತಿರುಗ್ತದೆ.

ಪಾನಾಪೆಟ್ಟಿಗೆ

ಇದಕ್ಕೊಂದು ಸೇರಿಸಬೇಕು. ಥರ್ಮೋಸ್ಟಾಟ್ ಎಲ್ಲ ಗಾಡಿಗಳಲ್ಲೂ ಮೇಲಿನ ಹೋಸ್ ತುದಿಯಲ್ಲೇ ಇರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಕೆಳಗಿನ ಹೋಸ್ ಎಂಜಿನ್‌ಗೆ ಸೇರುವ ಜಾಗದಲ್ಲಿ, ವಾಟರ್ ಪಂಪ್ ಪಕ್ಕ ಕೂತಿರುತ್ತದೆ. ಅಂಥ ಗಾಡಿಯಲ್ಲಿ ಮೇಲಿನ ಹೋಸ್ ಬೇಗ ಬೆಚ್ಚಗಾದರೆ ತಪ್ಪೇನಿಲ್ಲ. ಅಲ್ಲಿ ಕೆಳಗಿನದನ್ನು ಮುಟ್ಟಿ ನೋಡಬೇಕು. ಇದು ಗೊತ್ತಿಲ್ಲದೆ ಒಳ್ಳೇ ವಾಲ್ವ್ ತೆಗೆದು ಬಿಸಾಕಿದವರು ಬೇಕಾದಷ್ಟು ಜನ ಇದ್ದಾರೆ.

ಗಾಳಿಬೀಡು

ಡಾಂಗಲ್ ಬಂತು. ಕೋಡ್ ಪಿ0128. ಬೆಳಿಗ್ಗೆ ಕೀ ಆನ್ ಮಾಡಿದಾಗ ಕೂಲೆಂಟ್ 18, ಗಾಳಿ 18. ಅಂದರೆ ಸೆನ್ಸರ್ ಸರಿ ಇದೆ.

ಸುಳ್ಯಕ್ಕೆ ಹೋಗಿ ಬಂದೆ. ಅಣ್ಣನ ಮಗ ಪಕ್ಕದಲ್ಲಿ ಕೂತು ಅಂಕಿ ಬರೆದುಕೊಂಡ. ಸಂಪಾಜೆ ಘಾಟಿ ಇಳಿಯುವಾಗ 57ಕ್ಕೆ ಬಿತ್ತು. ಕೆಳಗೆ ಸಮ ರಸ್ತೆಯಲ್ಲಿ ಅರವತ್ತರ ವೇಗಕ್ಕೆ 68. ವಾಪಸ್ ಘಾಟಿ ಹತ್ತುವಾಗ 86. ಮಡಿಕೇರಿ ಪೇಟೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ 96ಕ್ಕೆ ಹೋಗಿ ಫ್ಯಾನ್ ಆನ್ ಆಯಿತು. ಇಷ್ಟೆಲ್ಲ ಆಗುವಾಗ ಮುಳ್ಳು ಕದಲಿದ್ದು ಘಾಟಿ ಇಳಿಯುವಾಗ ಮಾತ್ರ, ಅದೂ ಒಂದು ಗೆರೆ.

ಪಾನಾಪೆಟ್ಟಿಗೆ

ತೆರೆದೇ ಉಳಿದಿರುವ ಥರ್ಮೋಸ್ಟಾಟ್. ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ಘಾಟಿ ಹತ್ತುವಾಗ ಎಂಜಿನ್‌ಗೆ ಕೆಲಸ ಜಾಸ್ತಿ, ಶಾಖವೂ ಜಾಸ್ತಿ, ಹಾಗಾಗಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಪೇಟೆಯಲ್ಲಿ ರೇಡಿಯೇಟರ್‌ಗೆ ಗಾಳಿ ಇಲ್ಲ, ಅಲ್ಲೂ ಬಿಸಿಯಾಗುತ್ತದೆ. ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಉರಿಯುವುದೇ ಇಲ್ಲ, ಎದುರಿಂದ ತಣ್ಣನೆ ಗಾಳಿ. ಆಗ ರೇಡಿಯೇಟರ್ ದಾರಿಯನ್ನು ಮುಚ್ಚಿ ಶಾಖ ಉಳಿಸುವುದು ಥರ್ಮೋಸ್ಟಾಟ್ ಕೆಲಸ. ನಿಮ್ಮದು ಮುಚ್ಚುತ್ತಿಲ್ಲ.

ಮೈಲೇಜ್ ಇಳಿದದ್ದಕ್ಕೂ ಕಾರಣ ಇದೇ ಇರಬೇಕು. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಹಾಕುತ್ತಿರುತ್ತದೆ.

ಹುಬ್ಬಳ್ಳಿ ಗ್ಯಾರೇಜ್

ನಾನು ಗ್ಯಾರೇಜ್ ನಡೆಸುವವನು. ವಾಲ್ವ್ ತೆಗೆಯುವವರನ್ನು ಎಲ್ಲರೂ ಬೈಯ್ತೀರಿ, ಯಾಕೆ ತೆಗೀತಾರೆ ಅಂತ ಸ್ವಲ್ಪ ಕೇಳ್ರಿ. ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು. ಗಿರಾಕಿ ವರ್ಷಗಟ್ಟಲೆ ಬೋರ್ ನೀರು ಸುರಿದಿರುತ್ತಾನೆ. ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತದೆ, ವಾಲ್ವ್ ಮುಚ್ಚಿದಲ್ಲೇ ಹಿಡಿದಿರುತ್ತದೆ. ಗಾಡಿ ಕುದ್ದು ನಡುರಸ್ತೆಯಲ್ಲಿ ನಿಂತಿರುತ್ತದೆ. ಆ ಊರಲ್ಲಿ ಹೊಸ ವಾಲ್ವ್ ಸಿಗೋದಿಲ್ಲ, ಅವನು ಸಂಜೆಯೊಳಗೆ ಮನೆ ಸೇರಬೇಕು. ತೆಗೆದು ಕಳಿಸ್ತೀವಿ. ಹೊಸದು ತರಿಸಿ ಹಾಕಿಸ್ರಿ ಅಂತ ಹೇಳೇ ಕಳಿಸ್ತೀವಿ, ಗಾಡಿ ಓಡ್ತದಲ್ಲ ಅಂತ ಅವನು ತಿರುಗಿ ಬರೋದಿಲ್ಲ.

ಇಷ್ಟು ಹೇಳಿ ಇದನ್ನೂ ಹೇಳ್ತೀನಿ. ಮಡಿಕೇರಿಯಲ್ಲಿ ತೆಗೆಸಬೇಡ್ರಿ. ಈಗಲೂ ಅದು ತೆರೆದೇ ಇದೆ. ತೆಗೆದರೆ ನಿಮಗೆ ಸಿಗೋದು ಇದೇ ಕಾಯಿಲೆ, ಇನ್ನೊಂಚೂರು ಜಾಸ್ತಿ.

ಎಂಟುನೂರು

ನಮ್ಮ ತಂದೆಯವರ ಹಳೇ ಮಾರುತಿ 800ರಲ್ಲಿ ವಾಲ್ವೇ ಇರಲಿಲ್ಲ. ವರ್ಷಗಟ್ಟಲೆ ಓಡಿತು, ಏನೂ ಆಗಲಿಲ್ಲ. ಎಲ್ಲ ಸೇರಿ ಇಷ್ಟು ದೊಡ್ಡದು ಮಾಡಬೇಕಾ?

ಪಾನಾಪೆಟ್ಟಿಗೆ

ಓಡುತ್ತದೆ, ಇಲ್ಲ ಅಂದವರ್ಯಾರು? ತಣ್ಣಗಿನ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್‌ನಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗಲು ಬೇಕಾದ ಬಿಸಿಯೂ ಬರುವುದಿಲ್ಲ. ಸವೆತ ನಿಧಾನಕ್ಕೆ ಆಗುತ್ತದೆ, ಆದ್ದರಿಂದ ಯಾರೂ ವಾಲ್ವಿನ ಮೇಲೆ ಅನುಮಾನ ಪಡುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ತೆಗೆದರೆ ಎಂಜಿನ್ ಇನ್ನಷ್ಟು ತಂಪಾಗುತ್ತದೆ ಅನ್ನೋದು ಎಲ್ಲ ಗಾಡಿಗೂ ನಿಜ ಅಲ್ಲ. ಕೆಲವು ಥರ್ಮೋಸ್ಟಾಟ್‌ಗಳ ಬಾಲದಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲಿ ಎಂಜಿನ್ ಒಳಗೇ ಸುತ್ತುತ್ತದೆ. ಬಿಸಿಯಾದಾಗ ಮೇಲಿನ ಬಾಯಿ ತೆರೆಯುತ್ತದೆ, ಅದೇ ಹೊತ್ತಿಗೆ ಆ ಬಿಲ್ಲೆ ಬೈಪಾಸ್ ಬಾಯಿ ಮುಚ್ಚುತ್ತದೆ. ಇಡೀ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಕುದಿಯುವ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಹೋಗುತ್ತದೆ. ಘಾಟಿ ಹತ್ತುವಾಗ ಇಂಥ ಗಾಡಿ ಕುದಿಯಬಹುದು. ವಾಲ್ವ್ ತೆಗೆದ ಮೇಲೂ ಬಿಸಿಯಾಗುತ್ತಿದೆ ಅಂತ ರೇಡಿಯೇಟರ್ ಬದಲಿಸಿದವರೂ ಇದ್ದಾರೆ.

ಟೊರಾಂಟೊ ಚಳಿ

ಇಲ್ಲಿ ಕೆನಡಾದಲ್ಲಿ ಥರ್ಮೋಸ್ಟಾಟ್ ತೆರೆದು ಹಿಡಿಯಿತು ಅಂದರೆ ಮೊದಲು ಗೊತ್ತಾಗೋದು ಕಾಲಿಗೆ. ಹೊರಗೆ ಮೈನಸ್ 20, ಹೀಟರ್ ಬಿಟ್ಟರೆ ಬೇರೆ ಗತಿ ಇಲ್ಲ. ಹೈವೇಯಲ್ಲಿ ಹೋಗುತ್ತಾ ಹೋಗುತ್ತಾ ಬೆಚ್ಚಗಿದ್ದ ಗಾಳಿ ತಣ್ಣಗಾಗುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಬೆಚ್ಚಗೆ. ಹೊಸದು ಕೊಳ್ಳುವಾಗ ಗಮನಿಸಿ: ಹಳೆಯದರ ಮೇಲೆ 82 ಅಥವಾ 88 ಹೀಗೆ ಒಂದು ಅಂಕಿ ಒತ್ತಿರುತ್ತಾರೆ. ಅದು ತೆರೆಯಲು ಶುರುವಾಗುವ ಡಿಗ್ರಿ. ಅದೇ ಅಂಕಿಯದನ್ನೇ ತಗೊಳ್ಳಿ. ತಂಪಿರಲಿ ಅಂತ ಕಡಿಮೆ ಅಂಕಿಯದು ಹಾಕಿದರೆ ಅದೇ ಕೋಡ್ ತಿರುಗಿ ಬರುತ್ತದೆ.

ಗಾಳಿಬೀಡು

ಬೆಂಗಳೂರಿಗೆ ಹೋಗಿದ್ದ ಸ್ನೇಹಿತರು ಜೆ.ಸಿ. ರೋಡಿನಿಂದ ತಂದುಕೊಟ್ಟರು. 88ರದ್ದು, ರಬ್ಬರ್ ರಿಂಗ್ ಜೊತೆಗೇ ಬಂದಿದೆ. ನನ್ನ ಗಾಡಿಯಲ್ಲಿ ಮೇಲಿನ ಹೋಸ್ ತುದಿಯಲ್ಲೇ ಇದೆ, ಎರಡು ಬೋಲ್ಟ್. ಹಾಕುವ ಮುಂಚೆ ನೀರಲ್ಲಿ ಕುದಿಸಿ ನೋಡಿದೆ. ತೆರೆಯಿತು, ಆದರೆ ಬಾಯಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆರೆದು ಅಲ್ಲೇ ನಿಂತಿತು. ನೀರು ಕೊತಕೊತ ಕುದಿಯುತ್ತಿತ್ತು. ಹೊಸದೇ ಕೆಟ್ಟದ್ದು ಬಂತಾ?

ಪಾನಾಪೆಟ್ಟಿಗೆ

ಕೆಟ್ಟಿಲ್ಲ, ನೀವು ಎತ್ತರದಲ್ಲಿದ್ದೀರಿ! ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಿಮ್ಮಲ್ಲಿ ನೀರು 96ರ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಮೇಲೆ ಹೋಗಲ್ಲ. 88ರ ವಾಲ್ವ್ ತೆರೆಯಲು ಶುರುವಾಗೋದು 88ಕ್ಕೆ, ಪೂರ್ತಿ ತೆರೆಯೋದು ಸುಮಾರು 100ಕ್ಕೆ. ಅರ್ಧಕ್ಕಿಂತ ಜಾಸ್ತಿ ತೆರೆದಿದೆ ಅಂದರೆ ಲೆಕ್ಕ ಸರಿಯಾಗಿದೆ. ಗಾಡಿಯಲ್ಲಿ ಪ್ರೆಶರ್ ಕ್ಯಾಪ್ ಒತ್ತಡ ಹಿಡಿದಿಡುವುದರಿಂದ ನೀರು ಬೇಗ ಕುದಿಯುವುದಿಲ್ಲ, ಅಲ್ಲಿ ಈ ತೊಂದರೆ ಇಲ್ಲ.

ಪರೀಕ್ಷೆ ಮಾಡೋ ಕ್ರಮ ಹೀಗೆ. ವಾಲ್ವ್ ಮುಚ್ಚಿರುವಾಗ ಅದರ ಬಾಯಿಗೆ ದಾರದ ತುದಿ ಸಿಕ್ಕಿಸಿ, ದಾರದಲ್ಲೇ ನೇತಾಡಿಸಿ ನೀರಲ್ಲಿ ಇಳಿಬಿಡಿ. ತಳಕ್ಕೆ ತಾಗಬಾರದು, ತಳ ನೀರಿಗಿಂತ ಬಿಸಿ ಇರುತ್ತದೆ. ಪಕ್ಕದಲ್ಲಿ ಅಡುಗೆ ಥರ್ಮೋಮೀಟರ್ ಇಳಿಬಿಟ್ಟು, ಸಣ್ಣ ಉರಿಯಲ್ಲಿ ನೀರು ಕಲಕುತ್ತಾ ಇರಿ. ಬಾಯಿ ಬಿಟ್ಟ ಕೂಡಲೇ ದಾರ ಕಳಚಿ ವಾಲ್ವ್ ಕೆಳಗೆ ಬೀಳುತ್ತದೆ. ಆಗ ಥರ್ಮೋಮೀಟರ್‌ನಲ್ಲಿ ಇದ್ದದ್ದೇ ತೆರೆಯುವ ಡಿಗ್ರಿ. ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಚಿಂತೆ ಬೇಡ. ಆಮೇಲೆ ತಣ್ಣಗಾಗಲು ಬಿಟ್ಟು, ಪೂರ್ತಿ ಮುಚ್ಚುತ್ತದಾ ಅಂತ ನೋಡಿ. ನಿಮ್ಮ ಹಳೆಯದು ಸೋಲೋದು ಅಲ್ಲೇ.

ಎಂಟುನೂರು

ಕೂಲೆಂಟ್ ಬೆರೆಸಿ ಕುದಿಸಿದರೆ 100 ದಾಟುತ್ತದಲ್ವಾ?

ಕುಡ್ಲದ ಮಳೆ

ದಾಟ್ತದೆ, ಆದರೆ ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಇನ್ನೂ ಹುಷಾರು. ಅದು ಸಿಹಿಯಾಗಿರ್ತದೆ, ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿದರೆ ಕಿಡ್ನಿ ಹೋಗ್ತದೆ, ಸ್ವಲ್ಪವೇ ಸಾಕು. ಇಳಿಸಿದ ಕೂಲೆಂಟನ್ನು ತೋಟಕ್ಕೋ ಚರಂಡಿಗೋ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ತಗೊಳ್ಳುವ ಗ್ಯಾರೇಜಿಗೆ ಕೊಡಿ.

ಹುಬ್ಬಳ್ಳಿ ಗ್ಯಾರೇಜ್

ಬಿಚ್ಚೋ ಮುಂಚೆ ನಾಲ್ಕು ಮಾತು ಕೇಳ್ರಿ.

ಬಿಸಿ ಎಂಜಿನ್ ಮುಟ್ಟಬೇಡ್ರಿ. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೆಲಸ ಶುರು ಮಾಡ್ರಿ. ಬಿಸಿಯಿದ್ದಾಗ ಕ್ಯಾಪ್ ತೆರೆದು ಮುಖ ಸುಟ್ಟುಕೊಂಡವರನ್ನು ಈ ಕಸುಬಿನಲ್ಲಿರೋ ಎಲ್ಲರೂ ನೋಡಿರ್ತಾರೆ.

ಕೂಲೆಂಟ್ ಪೂರ್ತಿ ಖಾಲಿ ಮಾಡೋದು ಬೇಡ, ಥರ್ಮೋಸ್ಟಾಟ್ ಇರುವ ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು. ರೇಡಿಯೇಟರ್ ಬುಡದಲ್ಲಿ ನೀರು ಇಳಿಸೋ ಪ್ಲಾಸ್ಟಿಕ್ ತಿರುಪು ಹಳೇದಾಗಿದ್ದರೆ ತಿರುವೋಕೆ ಹೋಗಬೇಡ್ರಿ, ಮುರೀತದ. ಟಬ್ ಇಟ್ಟು ಕೆಳಗಿನ ಹೋಸನ್ನೇ ನಿಧಾನಕ್ಕೆ ಸಡಿಲಿಸ್ರಿ.

ಇನ್ನು ಬೋಲ್ಟ್. ಅಸಲು ಅಪಾಯ ಇರೋದು ಇಲ್ಲೇ. ಅಲ್ಯೂಮಿನಿಯಂ ಬಾಡಿಯಲ್ಲಿ ಉಕ್ಕಿನ ಸಣ್ಣ ಬೋಲ್ಟ್, ಹತ್ತರ ಪಾನಾದ್ದು. ವರ್ಷಗಟ್ಟಲೆ ನೀರಿನ ಪಸೆ ಕುಡಿದು ಹಿಡಿದಿರ್ತದ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡ್ರಿ. ಬೆಳಿಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡ್ರಿ, ಆಮೇಲೆ ಬಿಚ್ರಿ. ಕಿರ್ರ್ ಅಂದರೆ ನಿಲ್ಲಿಸಿ, ಹಿಂದೆ ಮುಂದೆ ಆಡಿಸ್ರಿ. ಉದ್ದ ಹಿಡಿಕೆ ಹಾಕಿ ಒಮ್ಮೆಲೇ ಎಳೆದರೆ ತಲೆ ಕಳಚಿ ಕೈಗೆ ಬರ್ತದ. ಆಮೇಲೆ ಡ್ರಿಲ್, ಟ್ಯಾಪ್, ಅರ್ಧ ದಿನ.

ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತುರುಕಬೇಡ್ರಿ, ಅಲ್ಯೂಮಿನಿಯಂಗೆ ಗೀರು ಬಿದ್ದರೆ ಅಲ್ಲಿಂದಲೇ ಸೋರ್ತದ. ಮರದ ತುಂಡಿನಿಂದ ಪಕ್ಕಕ್ಕೆ ತಟ್ರಿ.

ಪಾನಾಪೆಟ್ಟಿಗೆ

ಇವರು ಹೇಳಿದ ಮೇಲೆ ನಾನು ಹೇಳೋದು ಕಡಿಮೆ. ಬಿಚ್ಚುವ ಮುಂಚೆ ಮತ್ತು ಬಿಚ್ಚಿದ ಕೂಡಲೇ ಫೋಟೋ ತೆಗೆಯಿರಿ, ಯಾವ ಮುಖ ಎತ್ತ ಇತ್ತು ಅಂತ. ಮೇಣ ತುಂಬಿದ ಬುಡ್ಡೆ, ಸ್ಪ್ರಿಂಗ್ ಇರೋ ಕಡೆ, ಎಂಜಿನ್ ಕಡೆಗೆ ಇರಬೇಕು. ಆ ಮೇಣ ಕರಗಿ ಹಿಗ್ಗಿದಾಗಲೇ ಕಡ್ಡಿ ತಳ್ಳಿ ಬಾಯಿ ತೆರೆಯೋದು. ತಿರುಗಾಮುರುಗಾ ಹಾಕಿದರೆ ಬಿಸಿ ಸಮಯಕ್ಕೆ ಸರಿಯಾಗಿ ಬುಡ್ಡೆಗೆ ತಾಗುವುದಿಲ್ಲ, ಎಂಜಿನ್ ಕುದಿಯುತ್ತದೆ. ಥರ್ಮೋಸ್ಟಾಟ್ ಚಕ್ರದ ಅಂಚಿನಲ್ಲಿ ಲೊಟಲೊಟ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲು ಅದೇ ದಾರಿ.

ರಬ್ಬರ್ ರಿಂಗ್ ಇರುವ ಕಡೆ ಸಿಲಿಕೋನ್ ಅಂಟು ಹಚ್ಚಬೇಡಿ. ಪೇಪರ್ ಗ್ಯಾಸ್ಕೆಟ್ ಇದ್ದರೆ ಮಾತ್ರ, ಅದೂ ತೆಳ್ಳಗೆ. ಬೋಲ್ಟ್ ಬಿಗಿ 10 ನ್ಯೂಟನ್ ಮೀಟರ್ ಸುತ್ತಮುತ್ತ. ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ.

ಗಾಳಿಬೀಡು

ಹಳೆಯದು ಹೊರಗೆ ಬಂತು! ಬೋಲ್ಟ್ ಎರಡೂ ಕಿರುಗುಟ್ಟಿಕೊಂಡೇ ಬಂದವು, ಮುರಿಯಲಿಲ್ಲ.

ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಪೂರ್ತಿ ಮುಚ್ಚಿದೆ ಅನ್ನಿಸುತ್ತದೆ, ಆದರೆ ಒಂದು ಪಕ್ಕದಲ್ಲಿ ಉಗುರಿನಾಕಾರದ ಬೆಳಕಿನ ಗೆರೆ. ಬಿಲ್ಲೆ ಒಂದು ಕಡೆಗೆ ವಾಲಿ ಕೂತಿದೆ. ಸೂಜಿಯಲ್ಲಿ ಕೆದಕಿದಾಗ ಬಾಯಿಯ ಅಂಚಿನಿಂದ ಕಂದು ಬಣ್ಣದ ತುಕ್ಕಿನ ಹಕ್ಕಳೆ ಬಂತು, ಗಟ್ಟಿ, ಉಗುರಲ್ಲಿ ಒತ್ತಿದರೂ ಪುಡಿಯಾಗಲಿಲ್ಲ. ಅದನ್ನು ತೆಗೆದ ಮೇಲೂ ಬಿಲ್ಲೆ ನೆಟ್ಟಗಾಗಲಿಲ್ಲ. ಮುಚ್ಚಳದ ಒಳಗೂ ಅದೇ ಕಂದು ಲೇಪ. ಹಿಂದಿನ ಮಾಲೀಕರು ಬರೀ ನೀರು ಹಾಕಿ ಓಡಿಸಿರಬೇಕು.

ಇನ್ನು ಕೂಲೆಂಟ್ ಯಾವುದು ಹಾಕಲಿ? ಟ್ಯಾಂಕಿನಲ್ಲಿದ್ದದ್ದು ಹಸಿರು, ಅಂಗಡಿಯವರು ಕೆಂಪು ಕೊಟ್ಟಿದ್ದಾರೆ.

ಪಾನಾಪೆಟ್ಟಿಗೆ

ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಅಂತ ಇಲ್ಲ. ಓನರ್ಸ್ ಮ್ಯಾನುಯಲ್‌ನಲ್ಲಿ ಯಾವ ಬಗೆ ಅಂತ ಇದೆಯೋ ಅದನ್ನು ಡಬ್ಬದ ಹಿಂದೆ ಓದಿ ಹೊಂದಿಸಿ. ಹಳೆಯದು ಏನು ಅಂತ ಗೊತ್ತಿಲ್ಲದಿದ್ದರೆ, ಒಳಗೆ ತುಕ್ಕು ಬೇರೆ ಇದೆ, ಪೂರ್ತಿ ಇಳಿಸಿ. ಡಿಸ್ಟಿಲ್ಡ್ ವಾಟರ್ ಹಾಕಿ, ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಇಳಿಸಿ. ನೀರು ತಿಳಿಯಾಗುವ ತನಕ ಹೀಗೇ. ರೆಡಿ ಮಿಕ್ಸ್ ಆಗಿದ್ದರೆ ನೀರು ಸೇರಿಸಬೇಡಿ. ಕಾನ್ಸೆಂಟ್ರೇಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ತೊಳೆದ ಮೇಲೆ ಒಳಗೆ ಸ್ವಲ್ಪ ನೀರು ಉಳಿದಿರುತ್ತದೆ, ಹಾಗಾಗಿ ನಿಮಗೆ ಕಾನ್ಸೆಂಟ್ರೇಟೇ ಒಳ್ಳೆಯದು.

ತುಂಬುವಾಗ ಗಾಡಿ ಮೂತಿ ಏರಿನ ಕಡೆ ನಿಲ್ಲಿಸಿ. ನಿಮ್ಮ ಊರಲ್ಲಿ ಏರು ಹುಡುಕಬೇಕಿಲ್ಲ. ಹೀಟರ್ ಪೂರ್ತಿ ಬಿಸಿಗೆ ಇಡಿ. ನಿಧಾನಕ್ಕೆ ಸುರಿಯಿರಿ, ಮೇಲಿನ ಹೋಸ್ ಆಗಾಗ ಹಿಸುಕಿ. ಗುಳುಗುಳು ಅಂತ ಗಾಳಿ ಬರುತ್ತದೆ. ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಇದ್ದರೆ ಅಲ್ಲಿಂದ ಗುಳ್ಳೆಯಿಲ್ಲದೆ ಕೂಲೆಂಟ್ ಬರುವ ತನಕ ತೆರೆದಿಡಿ. ಆಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವ ತನಕ ಐಡ್ಲಿಂಗ್‌ನಲ್ಲಿ ಬಿಡಿ, ಅಂಕಿ ನೋಡುತ್ತಾ ಇರಿ. ಡಿಗ್ರಿ ಏರುತ್ತಿದ್ದರೂ ಹೀಟರ್ ತಣ್ಣಗೆ ಊದುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ. ಮರುದಿನ ತಣ್ಣಗಿರುವಾಗ ಲೆವೆಲ್ ಇಳಿದಿರುತ್ತದೆ, ಗಾಬರಿ ಬೇಡ, ತುಂಬಿಸಿ.

ಗಾಳಿಬೀಡು

ಹಾಕಿ ಆಯಿತು, ಎಲ್ಲೂ ಸೋರುತ್ತಿಲ್ಲ. ಈ ಸಲ ಮೇಲಿನ ಹೋಸ್ ತುಂಬಾ ಹೊತ್ತು ತಣ್ಣಗೇ ಇದ್ದು, ಅಂಕಿ 88 ದಾಟಿದ ಮೇಲೆ ಕೈ ಇಡಲಾಗದಷ್ಟು ಸುಟ್ಟಿತು. ಸಂಪಾಜೆ ಇಳಿಯುವಾಗ 84ರ ಕೆಳಗೆ ಹೋಗಲಿಲ್ಲ. ಸಮ ರಸ್ತೆಯಲ್ಲಿ 88, 89ರ ಮಧ್ಯೆ. ಗಾಜಿನ ಮಂಜು ಗಾಳಿಬೀಡು ದಾರಿ ಮುಗಿಯುವುದರೊಳಗೇ ಹೋಯಿತು. ಕೋಡ್ ಅಳಿಸಿದ್ದೇನೆ, ಮತ್ತೆ ಬಂದಿಲ್ಲ. ಮೈಲೇಜ್ ಲೆಕ್ಕ ಮುಂದಿನ ಫುಲ್ ಟ್ಯಾಂಕ್ ಆದ ಮೇಲೆ ಹಾಕುತ್ತೇನೆ.

ಬಯಲುಸೀಮೆ

ನನ್ನದು ಉಲ್ಟಾ ಸಮಸ್ಯೆ. ಚಿತ್ರದುರ್ಗ ಹೈವೇಯಲ್ಲಿ ಮುಳ್ಳು ಕೆಂಪಿಗೆ ಹೋಗುತ್ತದೆ, ಎ.ಸಿ. ಹಾಕಿದರೆ ಇನ್ನೂ ಬೇಗ. ನಾನೂ ಥರ್ಮೋಸ್ಟಾಟ್ ತಂದು ಹಾಕಲಾ?

ಹುಬ್ಬಳ್ಳಿ ಗ್ಯಾರೇಜ್

ತರೋಕೆ ಮುಂಚೆ ನಾಲ್ಕು ನೋಡ್ರಿ. ಕೂಲೆಂಟ್ ಕಡಿಮೆಯಾಗ್ತಿದೆಯಾ? ಫ್ಯಾನ್ ತಿರುಗ್ತದಾ? ತಣ್ಣಗಿರುವಾಗ ಆಯಿಲ್ ಕ್ಯಾಪ್ ತೆರೆದರೆ ಒಳಗೆ ಹಾಲು ಕಾಫಿ ಬಣ್ಣದ ನೊರೆ ಇದೆಯಾ? ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕೂಲೆಂಟ್ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಏಳ್ತಾವಾ? ಕೊನೆಯ ಎರಡು ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್, ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ, ಓಡಿಸಬೇಡ್ರಿ, ಟೋ ಮಾಡಿಸ್ರಿ. ಎಂಜಿನ್ ಕುದಿಯುತ್ತಿದ್ದು ರೇಡಿಯೇಟರ್ ಹೋಸ್ ತಣ್ಣಗಿದ್ದರೆ ಮಾತ್ರ ಥರ್ಮೋಸ್ಟಾಟ್ ಮಾತು. ಹೈವೇಯಲ್ಲಿ ಮಾತ್ರ ಬಿಸಿಯಾಗ್ತದೆ, ಪೇಟೆಯಲ್ಲಿ ಸರಿ ಇದೆ ಅಂದರೆ ರೇಡಿಯೇಟರ್ ಕಟ್ಟಿರಬಹುದು. ಕ್ಯಾಪಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನು ಮೊದಲು ಬದಲಿಸ್ರಿ, ಅಗ್ಗದ್ದು.

ಬಯಲುಸೀಮೆ

ಪೇಟೆಯಲ್ಲಿ ಸರಿ ಇದೆ. ಆಯಿಲ್ ಕ್ಯಾಪ್ ಸ್ವಚ್ಛ, ಗುಳ್ಳೆ ಇಲ್ಲ. ರೇಡಿಯೇಟರ್ ಕ್ಯಾಪಿನ ರಬ್ಬರ್ ಮಾತ್ರ ಬಿರುಕು ಬಿಟ್ಟಿದೆ. ನಾಳೆ ಕ್ಯಾಪ್ ತರುತ್ತೇನೆ, ರೇಡಿಯೇಟರ್ ಮುಂದಿನ ಕಸ, ಹುಳ ಎಲ್ಲ ಪೈಪಿನಲ್ಲಿ ನೀರು ಬಿಟ್ಟು ತೊಳೆಸಿ, ಆಮೇಲೆ ಹಿರಿಯೂರಿನ ತನಕ ಓಡಿಸಿ ಅಂಕಿ ಹಾಕುತ್ತೇನೆ.